ನಿಮ್ಮ ಹಾಡಿನ ನಾದದ ತೂಕವನ್ನು ಮಾದರಿ ಹಾಡಿಗೆ ಹೊಂದಿಸುವುದು ಹೇಗೆ

ಒಂದು ಹಾಡಿನ ಶಬ್ದಶಕ್ತಿ 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಹೇಗೆ ಹಂಚಿಹೋಗಿದೆ ಎಂಬುದನ್ನು ಧ್ವನಿಮುದ್ರಣದ ಕೆಲಸದಲ್ಲಿರುವವರು ಟೋನಲ್ ಬ್ಯಾಲೆನ್ಸ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ನಾದದ ತೂಕ ಎಂದು ಕರೆಯೋಣ. ಮಂದ್ರ ಭಾಗ ಮಿತಿಮೀರಿದರೆ ಹಾಡು ಗುಮ್ಮೆನ್ನುತ್ತದೆ, ತಾರ ಭಾಗ ಮಿತಿಮೀರಿದರೆ ಕಿವಿಗೆ ಚುಚ್ಚುತ್ತದೆ, ನಡುವಿನದು ಸೊರಗಿದರೆ ಗಾಯಕರು ಎಲ್ಲೋ ದೂರದಲ್ಲಿ ನಿಂತು ಹಾಡಿದಂತೆ ಕೇಳಿಸುತ್ತದೆ. ಇಷ್ಟು ಎಲ್ಲರಿಗೂ ತಿಳಿದದ್ದೇ ಆದರೂ, ಒಂದೇ ಹಾಡನ್ನು ಗಂಟೆಗಟ್ಟಲೆ ಕೇಳುತ್ತ ಕುಳಿತ ಕಿವಿ ಆ ಹಾಡಿನ ದೋಷಕ್ಕೇ ಒಗ್ಗಿಕೊಂಡುಬಿಡುವುದರಿಂದ, ತನ್ನ ಮಿಕ್ಸಿನ (ಎಲ್ಲ ಧ್ವನಿ, ವಾದ್ಯಗಳನ್ನು ಬೆರೆಸಿದ ಹಾಡಿನ) ತೂಕ ಎತ್ತ ವಾಲಿದೆ ಎಂದು ಹೇಳಲು ಅದಕ್ಕೆ ಹೊರಗಿನದೊಂದು ಆಸರೆ ಬೇಕಾಗುತ್ತದೆ. ಚೆನ್ನಾಗಿ ಮಿಕ್ಸ್ ಮತ್ತು ಮಾಸ್ಟರ್ ಆದ (ಬಿಡುಗಡೆಗೆ ಕೊನೆಯ ಹದ ಪಡೆದ) ಇನ್ನೊಂದು ಹಾಡನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡುವ ರೂಢಿ ಬಂದದ್ದು ಈ ಕಾರಣದಿಂದ.

ಈಗ ಎರಡು ಹಾಡುಗಳ ವರ್ಣಪಟಲವನ್ನು ಅಳೆದು, ನಡುವಿನ ವ್ಯತ್ಯಾಸವನ್ನು ಲೆಕ್ಕಹಾಕಿ, ಒಂದನ್ನು ಇನ್ನೊಂದರ ಕಡೆಗೆ ಒಯ್ಯುವ ಈಕ್ವಲೈಸರ್ (ಚಿಕ್ಕದಾಗಿ ಇಕ್ಯು; ಆಯ್ದ ಕಂಪನಗಳ ಮಟ್ಟವನ್ನು ಏರಿಳಿಸುವ ಉಪಕರಣ) ರೇಖೆಯನ್ನು ತಾನಾಗಿಯೇ ಬರೆದುಕೊಡುವ ಸಾಫ್ಟ್‌ವೇರ್‌ಗಳು ಕೈಗೆ ಸಿಗುತ್ತವೆ. ಲಾಜಿಕ್ ಪ್ರೋದಲ್ಲಿ ಮ್ಯಾಚ್ ಇಕ್ಯು ಇದೆ, ಫ್ಯಾಬ್‌ಫಿಲ್ಟರ್ ಪ್ರೋ-ಕ್ಯೂನಲ್ಲಿ ಇಕ್ಯು ಮ್ಯಾಚ್ ಇದೆ, ಐಜೋಟೋಪ್ ಓಝೋನ್‌ನಲ್ಲಿಯೂ ಇಂಥದ್ದೊಂದು ಸೌಲಭ್ಯವಿದೆ. ಇವೆಲ್ಲ ಅಳತೆಯ ಕೆಲಸವನ್ನು ನಿಷ್ಠೆಯಿಂದ ಮಾಡುತ್ತವೆ. ಆದರೆ ಅಳೆದು ಸಿಕ್ಕ ವ್ಯತ್ಯಾಸದಲ್ಲಿ ಎಷ್ಟು ಪಾಲು ನಿಮ್ಮ ಮಿಕ್ಸಿನ ದೋಷ, ಎಷ್ಟು ಪಾಲು ನಿಮ್ಮ ಹಾಡಿನ ಸಹಜ ಸ್ವಭಾವ ಎಂದು ಅವು ಬೇರ್ಪಡಿಸಿ ಹೇಳಲಾರವು. ಆ ಬೇರ್ಪಡಿಸುವಿಕೆಯೇ ಈ ಕೆಲಸದ ತಿರುಳು ಎಂದು ನಾನು ನಂಬಿದ್ದೇನೆ. ಮುಂದಿನ ಹೆಜ್ಜೆಗಳೆಲ್ಲ ಅದರ ಸುತ್ತಲೇ ಇವೆ.

ಮಾದರಿ ಹಾಡುಗಳ ಆಯ್ಕೆ

ಒಂದೇ ಮಾದರಿ ಹಾಡನ್ನು ಇಟ್ಟುಕೊಳ್ಳುವುದಕ್ಕಿಂತ ಮೂರನ್ನು ಇಟ್ಟುಕೊಳ್ಳುವುದು ಮೇಲು. ನಿಮ್ಮ ಹಾಡಿನ ಶೈಲಿ, ವೇಗ ಮತ್ತು ವಾದ್ಯಗಳ ಜೋಡಣೆಗೆ ಹತ್ತಿರವಾದವನ್ನು ಆರಿಸಿಕೊಳ್ಳಿ. ಗಿಟಾರ್ ಒಂದರ ಜೊತೆಗೆ ಒಬ್ಬರೇ ಹಾಡಿರುವ ರಚನೆಯನ್ನು ಸಿಂಥಸೈಸರ್ ಮತ್ತು ಡ್ರಮ್ ಮೆಷಿನ್ ತುಂಬಿದ ನೃತ್ಯಗೀತೆಗೆ ಹೋಲಿಸಿದರೆ ಸಿಗುವ ರೇಖೆ ಆ ಎರಡು ಪ್ರಕಾರಗಳ ಅಂತರವನ್ನು ತೋರಿಸೀತೇ ಹೊರತು ನಿಮ್ಮ ಮಿಕ್ಸಿನ ಕುಂದನ್ನು ತೋರಿಸದು. ಆರಿಸಿದ ಹಾಡನ್ನು ನೀವು ಹಲವು ಸ್ಪೀಕರುಗಳಲ್ಲಿ, ಹಲವು ಸಲ ಕೇಳಿ ಮೆಚ್ಚಿದವರಾಗಿರಬೇಕು, ಏಕೆಂದರೆ ಪರಿಚಯವಿಲ್ಲದ ಹಾಡು ಎಷ್ಟೇ ಚೆನ್ನಾಗಿದ್ದರೂ ಅಳತೆಗೋಲಾಗಲಾರದು.

ಮೂರು ಹಾಡುಗಳು ಬೇಕು ಎನ್ನುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಒಳ್ಳೆಯವೆಂದು ಎಲ್ಲರೂ ಒಪ್ಪುವ ಹಾಡುಗಳೇ ತಮ್ಮತಮ್ಮಲ್ಲಿ ಸಾಕಷ್ಟು ಬೇರೆಯಾಗಿರುತ್ತವೆ. 60 ಹರ್ಟ್ಜ್‌ನ ಆಸುಪಾಸಿನಲ್ಲಿ ನಿಮ್ಮ ಮೂರು ಮಾದರಿಗಳ ನಡುವೆಯೇ 4 ಡೆಸಿಬೆಲ್ ಅಂತರವಿದ್ದರೆ, ಅವುಗಳ ನಡುವೆ ಎಲ್ಲೋ ಬಿದ್ದಿರುವ ನಿಮ್ಮ ಹಾಡನ್ನು ಅಲ್ಲಿ ತಿದ್ದುವ ಅಗತ್ಯವಿಲ್ಲ. ಬದಲಿಗೆ 250 ಹರ್ಟ್ಜ್‌ನ ಬಳಿ ಮೂರೂ ಮಾದರಿಗಳು ಒಂದಕ್ಕೊಂದು ಅಂಟಿಕೊಂಡಂತಿದ್ದು ನಿಮ್ಮದೊಂದೇ 3 ಡೆಸಿಬೆಲ್ ಮೇಲೆ ನಿಂತಿದ್ದರೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮಾದರಿಗಳ ನಡುವಿನ ಈ ಹರವು ನಿಮಗೆ ಎಲ್ಲಿ ಎಷ್ಟು ಸ್ವಾತಂತ್ರ್ಯವಿದೆ ಎಂಬುದನ್ನು ತಿಳಿಸುತ್ತದೆ, ಮತ್ತು ಆ ತಿಳಿವಳಿಕೆ ಒಂದೇ ಹಾಡಿನಿಂದ ಎಂದೂ ಸಿಗುವುದಿಲ್ಲ.

ಕಡತದ ಗುಣಮಟ್ಟವನ್ನೂ ನೋಡಿಕೊಳ್ಳಿ. ಸಾಧ್ಯವಾದಷ್ಟೂ ವೇವ್ ಅಥವಾ ಫ್ಲ್ಯಾಕ್ ರೂಪದ, ಗುಣಮಟ್ಟ ಕಳೆದುಕೊಳ್ಳದ ಕಡತವನ್ನೇ ಬಳಸಿ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಕಡತದಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಜ್‌ನಿಂದ ಮೇಲಿನದು ಬಹುತೇಕ ಕತ್ತರಿಸಿಹೋಗಿರುತ್ತದೆ. ಅದನ್ನು ಮಾದರಿಯಾಗಿ ಕೊಟ್ಟರೆ ನಿಮ್ಮ ಹಾಡಿನ ತುದಿಯನ್ನೂ ಹಾಗೆಯೇ ಕತ್ತರಿಸಬೇಕೆಂದು ಸಾಫ್ಟ್‌ವೇರ್ ಸೂಚಿಸುತ್ತದೆ.

ಟ್ರ್ಯಾಕ್ ಜೋಡಣೆ ಮತ್ತು ಶಬ್ದದ ಮಟ್ಟ

ಮಾದರಿ ಹಾಡನ್ನು ನಿಮ್ಮ ಪ್ರಾಜೆಕ್ಟಿನಲ್ಲಿ ಪ್ರತ್ಯೇಕ ಟ್ರ್ಯಾಕಿನಲ್ಲಿ ಇರಿಸಿ, ಅದರ ಔಟ್‌ಪುಟ್ ನಿಮ್ಮ ಮಾಸ್ಟರ್ ಬಸ್‌ನ (ಎಲ್ಲ ಟ್ರ್ಯಾಕುಗಳೂ ಕೂಡುವ ಕೊನೆಯ ಹಾದಿಯ) ಕಂಪ್ರೆಸರ್ (ಶಬ್ದದ ಏರಿಳಿತವನ್ನು ತಗ್ಗಿಸುವ ಉಪಕರಣ), ಈಕ್ವಲೈಸರ್ ಮತ್ತು ಲಿಮಿಟರ್‌ಗಳ (ಶಿಖರಗಳು ಮಿತಿ ದಾಟದಂತೆ ತಡೆಯುವ ಉಪಕರಣಗಳ) ಮೂಲಕ ಹೋಗದಂತೆ ನೇರವಾಗಿ ಸ್ಪೀಕರಿಗೆ ಕಳುಹಿಸಿ. ಮೇಲ್ನೋಟಕ್ಕೆ ಇದು ಸಣ್ಣ ವಿಷಯವೆನಿಸಬಹುದು. ಆದರೆ ಈಗಾಗಲೇ ಮಾಸ್ಟರ್ ಆಗಿರುವ ಹಾಡು ನಿಮ್ಮ ಸಂಸ್ಕರಣೆಯೊಳಗೆ ಇನ್ನೊಮ್ಮೆ ಹಾದು ಬಂದರೆ ಹೋಲಿಕೆ ಅಲ್ಲಿಗೇ ಹಾಳಾಗುತ್ತದೆ.

ಅನಂತರ ಎರಡರ ಶಬ್ದದ ಮಟ್ಟವನ್ನು ಸಮ ಮಾಡಿ. ಇದನ್ನು ಬಿಟ್ಟು ಮುಂದೆ ಹೋಗಬಾರದು. ಶಬ್ದ ಹೆಚ್ಚಾದಂತೆ ಮಂದ್ರ ಮತ್ತು ತಾರದ ತುದಿಗಳು ಕಿವಿಗೆ ಹೆಚ್ಚು ತುಂಬಿಕೊಂಡು ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ತಮ್ಮ ಸಮಶ್ರವಣ ರೇಖೆಗಳ ಮೂಲಕ ತೋರಿಸಿಕೊಟ್ಟರು. ಹಾಗಾಗಿ ಜೋರಾಗಿ ನುಡಿಯುವ ಮಾದರಿ ಹಾಡಿನ ಪಕ್ಕದಲ್ಲಿ ಮೆಲ್ಲಗೆ ನುಡಿಯುವ ನಿಮ್ಮ ಮಿಕ್ಸು, ತೂಕ ಸರಿಯಾಗಿದ್ದರೂ ಸಪ್ಪೆಯಾಗಿಯೇ ಕೇಳಿಸುತ್ತದೆ. ನೀವು ಅಗತ್ಯವಿಲ್ಲದೆ ಎರಡೂ ತುದಿಗಳನ್ನು ಏರಿಸಲು ಹೊರಡುತ್ತೀರಿ.

ಮಟ್ಟವನ್ನು ಅಳೆಯಲು ಎಲ್‌ಯುಎಫ್‌ಎಸ್ ಮಾನದ, ಅಂದರೆ ಕಿವಿಗೆ ಕೇಳಿಸುವ ಜೋರನ್ನು ಅಳೆಯುವ, ಮೀಟರ್ ಬಳಸಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಬಿಎಸ್ 1770 ಎಂಬ ಶಿಫಾರಸು ಈ ಅಳತೆಗೆ ಆಧಾರ. ಯೂಲಿಯನ್ ಲೌಡ್‌ನೆಸ್ ಮೀಟರಿನ ಉಚಿತ ಆವೃತ್ತಿಯೇ ಈ ಕೆಲಸಕ್ಕೆ ಸಾಕು. ಎರಡೂ ಹಾಡುಗಳ ಪಲ್ಲವಿಯನ್ನು ಅಳೆದಾಗ ಮಾದರಿಯದು ಋಣ 9, ನಿಮ್ಮದು ಋಣ 17 ಎಂದು ಬಂತೆಂದುಕೊಳ್ಳಿ. ಆಗ ಮಾದರಿ ಹಾಡನ್ನು 8 ಡೆಸಿಬೆಲ್ ಇಳಿಸಿ. ನಿಮ್ಮ ಮಿಕ್ಸನ್ನು ಏರಿಸಲು ಹೋಗಬೇಡಿ, ಏಕೆಂದರೆ ಅದರ ಶಿಖರಗಳು ಮಿತಿಗೆ ತಾಗಿ ಒಡೆಯಬಹುದು. ಈ ಮಾನದ ಒಳಗಿರುವ ಫಿಲ್ಟರ್ ಮಂದ್ರ ಭಾಗವನ್ನು ಕಡಿಮೆ ಗಣಿಸುವುದರಿಂದ, ಬೇಸ್ ಹೆಚ್ಚಿರುವ ಹಾಡು ಮೀಟರಿನಲ್ಲಿ ಸಮವಾಗಿದ್ದರೂ ಕಿವಿಗೆ ದೊಡ್ಡದೆನಿಸುವುದುಂಟು. ಆದ್ದರಿಂದ ಕೊನೆಯ ಅರ್ಧ ಡೆಸಿಬೆಲ್ಲನ್ನು ಗಾಯನದ ಮಟ್ಟ ಎರಡರಲ್ಲೂ ಒಂದೇ ಎನಿಸುವಂತೆ ಕಿವಿಯಿಂದಲೇ ಸರಿಪಡಿಸುವುದು ನನ್ನ ಪದ್ಧತಿ.

ಅಳೆಯುವ ಮೊದಲು ಕೇಳಿ

ಅನಲೈಸರ್ (ವರ್ಣಪಟಲವನ್ನು ರೇಖೆಯಾಗಿ ತೋರಿಸುವ ಸಾಫ್ಟ್‌ವೇರ್) ತೆರೆಯುವ ಮೊದಲು ಕಾಗದ ಮತ್ತು ಪೆನ್ನು ತೆಗೆದುಕೊಳ್ಳಿ. ಎರಡು ಹಾಡುಗಳ ನಡುವೆ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಬದಲಿಸುತ್ತ ಕೇಳಿ, ಕೇಳಿಸಿದ್ದನ್ನು ಸರಳ ಮಾತುಗಳಲ್ಲಿ ಬರೆದಿಡಿ: ನನ್ನದರಲ್ಲಿ ಗಾಯನದ ಸುತ್ತ ಮಬ್ಬು ಕವಿದಿದೆ, ಕಿಕ್ ಡ್ರಮ್ಮಿನ ಹೊಡೆತ ಮೆತ್ತಗಿದೆ, ಸಿಂಬಲ್‌ಗಳು ಮಾದರಿಗಿಂತ ಹಿಂದೆ ನಿಂತಿವೆ, ಇತ್ಯಾದಿ. ರೇಖೆಯನ್ನು ಒಮ್ಮೆ ಕಣ್ಣು ನೋಡಿಬಿಟ್ಟರೆ ಕಿವಿ ಅದಕ್ಕೆ ತಲೆದೂಗಲು ತೊಡಗುತ್ತದೆ. ಮೊದಲೇ ಬರೆದಿಟ್ಟ ಟಿಪ್ಪಣಿಗೆ ಆ ಪ್ರಭಾವ ತಗಲಿರುವುದಿಲ್ಲ, ಮತ್ತು ಮುಂದೆ ರೇಖೆಯನ್ನು ಓದುವಾಗ ಅದು ನಿಮ್ಮ ಪರವಾಗಿ ಸಾಕ್ಷಿ ನುಡಿಯುತ್ತದೆ.

ಕಿವಿಗೆ ಸಹಾಯವಾಗಲೆಂದು ಹಾಡನ್ನು ಭಾಗ ಮಾಡಿಯೂ ಕೇಳಬಹುದು. ಹೈಪಾಸ್ (ಮೇಲಿನದನ್ನು ಮಾತ್ರ ಬಿಡುವ) ಮತ್ತು ಲೋಪಾಸ್ (ಕೆಳಗಿನದನ್ನು ಮಾತ್ರ ಬಿಡುವ) ಫಿಲ್ಟರುಗಳನ್ನು ಎರಡೂ ಟ್ರ್ಯಾಕುಗಳ ಮೇಲೆ ಒಂದೇ ಬಗೆಯಲ್ಲಿ ಹಾಕಿ, ಮೊದಲು 120 ಹರ್ಟ್ಜ್‌ಗಿಂತ ಕೆಳಗಿನದನ್ನು ಮಾತ್ರ, ಆಮೇಲೆ 120ರಿಂದ 500ರ ನಡುವಿನದನ್ನು, ಅನಂತರ 500 ಹರ್ಟ್ಜ್‌ನಿಂದ 4 ಕಿಲೋಹರ್ಟ್ಜ್‌ವರೆಗಿನದನ್ನು, ಕೊನೆಗೆ ಅದಕ್ಕಿಂತ ಮೇಲಿನದನ್ನು ಕೇಳಿ. ಪ್ರತಿ ಭಾಗದಲ್ಲೂ ಯಾವ ಹಾಡು ಜೋರಾಗಿದೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿ.

ನಿಮ್ಮ ಕೋಣೆ ಚೆನ್ನಾಗಿಲ್ಲವೆಂಬ ಅಳುಕು ಬೇಡ. 4 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಜ್‌ನಲ್ಲಿ ಸ್ಥಾಯಿ ಅಲೆ (ಗೋಡೆಗಳ ನಡುವೆ ನಿಂತಲ್ಲೇ ನಿಲ್ಲುವ ಅಲೆ) ಉಂಟಾಗುತ್ತದೆ. ಅಲ್ಲಿ ಬೇಸ್ ಉಬ್ಬಿಯೋ ಮಾಯವಾಗಿಯೋ ಕೇಳಿಸುವುದು ನೀವು ಕುಳಿತ ಜಾಗವನ್ನು ಅವಲಂಬಿಸಿದೆ. ಆದರೆ ಕೋಣೆಯ ಈ ಬಣ್ಣ ಮಾದರಿ ಹಾಡಿಗೂ ನಿಮ್ಮ ಹಾಡಿಗೂ ಒಂದೇ ಸಮನಾಗಿ ಹತ್ತುತ್ತದೆ. ಅಪೂರ್ಣವಾದ ಕೋಣೆಯಲ್ಲೂ ಹೋಲಿಕೆ ನಂಬಿಕೆಗೆ ಅರ್ಹವಾಗುವುದು ಈ ಕಾರಣಕ್ಕೆ. ಕುಳಿತ ಜಾಗವನ್ನೂ ವಾಲ್ಯೂಮ್ ಗುಂಡಿಯನ್ನೂ ಮಾತ್ರ ಹೋಲಿಕೆಯ ನಡುವೆ ಕದಲಿಸಬೇಡಿ.

ಅನಲೈಸರ್ ಹೊಂದಿಸುವುದು

ವೋಕ್ಸೆಂಗೋ ಸ್ಪ್ಯಾನ್ ಎಂಬ ಉಚಿತ ಸ್ಪೆಕ್ಟ್ರಮ್ ಅನಲೈಸರ್ ಈ ಹಂತಕ್ಕೆ ಧಾರಾಳವಾಗಿ ಸಾಕಾಗುತ್ತದೆ. ಮೂರು ಸೆಟ್ಟಿಂಗ್‌ಗಳನ್ನು ಗಮನಿಸಿ. ಮೊದಲನೆಯದು ಬ್ಲಾಕ್ ಗಾತ್ರ, ಅಂದರೆ ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ (ಧ್ವನಿಯ ಅಳತೆಬಿಂದುಗಳ) ಸಂಖ್ಯೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಕಡತದಲ್ಲಿ ಬ್ಲಾಕ್ ಗಾತ್ರ 4,096 ಇದ್ದರೆ ಅನಲೈಸರಿನ ಒಂದೊಂದು ಮನೆಯೂ ಸುಮಾರು 10.8 ಹರ್ಟ್ಜ್ ಅಗಲವಾಗಿರುತ್ತದೆ. ಮೇಲಿನ ಸ್ಥಾಯಿಗಳಲ್ಲಿ (ಕಂಪನ ಇಮ್ಮಡಿಯಾಗುವ ಒಂದೊಂದು ಹರವೂ ಒಂದು ಸ್ಥಾಯಿ) ಇದು ಬೇಕಾದಷ್ಟಾಯಿತು. 41 ಮತ್ತು 55 ಹರ್ಟ್ಜ್‌ನಂಥ ಬೇಸ್ ಸ್ವರಗಳನ್ನು ಬೇರ್ಪಡಿಸಿ ತೋರಿಸಲು ಸಾಲದು. 16,384ಕ್ಕೆ ಏರಿಸಿದರೆ ಅಗಲ 2.7 ಹರ್ಟ್ಜ್‌ಗೆ ಇಳಿಯುತ್ತದೆ. ಆಗ ಚಿತ್ರ ನಿಧಾನವಾಗಿ ಚಲಿಸುತ್ತದೆ, ಆದರೆ ನಮಗೆ ಬೇಕಾದದ್ದು ಸರಾಸರಿಯಾದ್ದರಿಂದ ತೊಂದರೆಯಿಲ್ಲ.

ಎರಡನೆಯದು ಇಳಿಜಾರು. ಪಿಂಕ್ ನಾಯ್ಸ್ ಎಂಬ ಸದ್ದು ಪ್ರತಿ ಸ್ಥಾಯಿಯಲ್ಲೂ ಸಮಾನ ಶಕ್ತಿ ಹೊಂದಿದ್ದು, ಇಳಿಜಾರಿನ ತಿದ್ದುಪಡಿ ಇಲ್ಲದ ಅನಲೈಸರಿನಲ್ಲಿ ಸ್ಥಾಯಿಗೆ 3 ಡೆಸಿಬೆಲ್‌ನಂತೆ ಬಲಕ್ಕೆ ಇಳಿಯುತ್ತ ಹೋಗುತ್ತದೆ. ಜನಪ್ರಿಯ ಸಂಗೀತದ ಸರಾಸರಿ ಇಳಿಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿದು. ಸ್ಪ್ಯಾನ್‌ನಲ್ಲಿ ಮೊದಲೇ ಹೊಂದಿಸಿರುವ 4.5 ಡೆಸಿಬೆಲ್ ಇಳಿಜಾರಿನಲ್ಲಿ ನೋಡಿದಾಗ ಅನೇಕ ಹಾಡುಗಳು ಸರಿಸುಮಾರು ಸಮತಟ್ಟಾಗಿ ಕಾಣುತ್ತವೆ. ಇಳಿಜಾರು ಎಷ್ಟಿರಬೇಕೆಂದು ತಲೆಕೆಡಿಸಿಕೊಳ್ಳುವವರು ಬಹಳ. ಎರಡೂ ಹಾಡುಗಳನ್ನು ಒಂದೇ ಇಳಿಜಾರಿನಲ್ಲಿ ನೋಡುವವರೆಗೆ ಅವುಗಳ ನಡುವಿನ ವ್ಯತ್ಯಾಸ ಒಂದಿಷ್ಟೂ ಬದಲಾಗುವುದಿಲ್ಲ. ಸೆಟ್ಟಿಂಗ್ ಬದಲಾದರೆ ಚಿತ್ರದ ವಾಲಿಕೆಯಷ್ಟೇ ಬದಲಾಗುತ್ತದೆ.

ಮೂರನೆಯದು ಸರಾಸರಿಯ ಅವಧಿ. ಕ್ಷಣಕ್ಷಣಕ್ಕೂ ಕುಣಿಯುವ ರೇಖೆಯಿಂದ ಏನೂ ತಿಳಿಯದು. ಇಡೀ ಪಲ್ಲವಿಯ ಸರಾಸರಿ ನಿಲ್ಲುವಷ್ಟು ದೀರ್ಘ ಅವಧಿ ಕೊಡಿ, ಮತ್ತು ಪಲ್ಲವಿಯನ್ನು ಪಲ್ಲವಿಯೊಡನೆ, ಚರಣವನ್ನು ಚರಣದೊಡನೆಯೇ ಹೋಲಿಸಿ. ಎಲ್ಲ ವಾದ್ಯಗಳೂ ಮೊಳಗುವ ಭಾಗವನ್ನು ಬರೀ ಗಾಯನವಿರುವ ಭಾಗಕ್ಕೆ ಹೋಲಿಸಿ ದಾರಿ ತಪ್ಪಿದವರನ್ನು ಕಂಡಿದ್ದೇನೆ.

ಹೊಂದಾಣಿಕೆಯ ರೇಖೆಯನ್ನು ಪಡೆಯುವುದು

ಈಗ ಮ್ಯಾಚ್ ಇಕ್ಯುವನ್ನು ನಿಮ್ಮ ಹಾಡಿನ ಮಾಸ್ಟರ್ ಬಸ್‌ನಲ್ಲಿ, ಲಿಮಿಟರ್‌ಗಿಂತ ಮೊದಲು ಹಾಕಿ. ಹೆಸರುಗಳು ಬೇರೆಬೇರೆಯಾದರೂ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ನಿಮ್ಮ ಹಾಡಿನ ಪಲ್ಲವಿಯನ್ನು ನುಡಿಸಿ ಅದರ ವರ್ಣಪಟಲವನ್ನು ಕಲಿಸುವುದು, ಮಾದರಿ ಹಾಡಿನ ಪಲ್ಲವಿಯನ್ನು ನುಡಿಸಿ ಅದರದನ್ನೂ ಕಲಿಸುವುದು, ಆಮೇಲೆ ಹೊಂದಿಸು ಎಂಬ ಗುಂಡಿಯನ್ನು ಒತ್ತುವುದು. ಕಲಿಸುವಾಗ 20ರಿಂದ 30 ಸೆಕೆಂಡಾದರೂ ನುಡಿಸಿ; ಒಂದೆರಡು ಆವರ್ತವಷ್ಟೇ ಕೊಟ್ಟರೆ ಆ ಕ್ಷಣದಲ್ಲಿ ಬಂದ ಸ್ವರಗಳೇ ರೇಖೆಯನ್ನು ಆಳುತ್ತವೆ.

ಬರುವ ಫಲಿತಾಂಶದ ಸ್ವರೂಪ ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. ಲಾಜಿಕ್‌ನ ಮ್ಯಾಚ್ ಇಕ್ಯು ನೂರಾರು ಏರಿಳಿತಗಳಿರುವ ಸೂಕ್ಷ್ಮ ರೇಖೆಯನ್ನು ಕೊಡುತ್ತದೆ, ಅದನ್ನು ನಯಗೊಳಿಸಲು ಮತ್ತು ಎಷ್ಟು ಶೇಕಡಾ ಅನ್ವಯಿಸಬೇಕೆಂದು ನಿರ್ಧರಿಸಲು ಸ್ಲೈಡರುಗಳಿವೆ. ಪ್ರೋ-ಕ್ಯೂ ಆದರೋ ವ್ಯತ್ಯಾಸವನ್ನು ಸಾಮಾನ್ಯ ಈಕ್ವಲೈಸರ್ ಬ್ಯಾಂಡುಗಳಾಗಿ ಪರಿವರ್ತಿಸುತ್ತದೆ, ಎಷ್ಟು ಬ್ಯಾಂಡು ಬೇಕೆಂದು ನೀವೇ ಹೇಳಬಹುದು. ಯಾವುದನ್ನೇ ಬಳಸಿ, ನಯಗೊಳಿಸುವಿಕೆಯನ್ನು ಹೆಚ್ಚಿಸಿ, ಬ್ಯಾಂಡುಗಳನ್ನು ಐದಾರಕ್ಕೆ ಇಳಿಸಿ. ಒಂದೇ ಬದಿಗೆ ಇಡೀ ರೇಖೆ 2 ಡೆಸಿಬೆಲ್ ಎತ್ತರದಲ್ಲಿ ತೇಲುತ್ತಿದ್ದರೆ, ಆ 2 ಡೆಸಿಬೆಲ್ ಶಬ್ದದ ಮಟ್ಟದ ವ್ಯತ್ಯಾಸ ಮಾತ್ರ. ಅದನ್ನು ಕಳೆದು ಉಳಿದ ಆಕಾರವನ್ನು ನೋಡಿ.

ರೇಖೆಯನ್ನು ಓದುವುದು

ನಾನು ಈ ಉಪಕರಣವನ್ನು ಮೊದಲ ಬಾರಿಗೆ ಬಳಸಿದಾಗ ಬಂದ ರೇಖೆಯನ್ನು ನೂರಕ್ಕೆ ನೂರರಷ್ಟು ಅನ್ವಯಿಸಿದ್ದೆ. ಅನಲೈಸರಿನಲ್ಲಿ ಎರಡು ಹಾಡುಗಳೂ ಒಂದರ ಮೇಲೊಂದು ಕೂತಂತೆ ಕಂಡವು, ಆದರೆ ಹಾಡಿದವರ ಧ್ವನಿ ತೆಳ್ಳಗಾಗಿ ಎದೆಯ ತುಂಬು ಕಳೆದುಕೊಂಡಿತ್ತು. ಮಾದರಿ ಹಾಡಿನಲ್ಲಿ ಹಾಡಿದವರು ಗಾಯಕಿ, ನನ್ನ ಹಾಡಿನಲ್ಲಿ ತಗ್ಗು ಶ್ರುತಿಯ ಗಾಯಕ. ಮಾತಿನಲ್ಲಿ ಗಂಡಸರ ಧ್ವನಿಯ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಜ್, ಹೆಂಗಸರದು 165ರಿಂದ 255 ಹರ್ಟ್ಜ್ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಹಾಡುವಾಗ ಎರಡೂ ಮೇಲಕ್ಕೆ ಚಾಚಿದರೂ ಅಂತರ ಉಳಿದೇ ಇರುತ್ತದೆ. ಮಾದರಿಯಲ್ಲಿ 130 ಹರ್ಟ್ಜ್‌ನ ಬಳಿ ಗಾಯನವೇ ಇಲ್ಲದಿದ್ದುದರಿಂದ ಸಾಫ್ಟ್‌ವೇರ್ ನನ್ನ ಗಾಯಕನ ಧ್ವನಿಯ ಬುಡವನ್ನೇ ಹೆಚ್ಚುವರಿ ಎಂದು ತಿಳಿದು ಕಡಿದುಹಾಕಿತ್ತು.

ಶ್ರುತಿಯ ವ್ಯತ್ಯಾಸ ಇನ್ನೂ ಸೂಕ್ಷ್ಮವಾದ ಬಲೆ. ಮಾದರಿ ಹಾಡು ಇ ಶ್ರುತಿಯಲ್ಲಿದ್ದು ಅದರ ಬೇಸ್ ಗಿಟಾರ್ ಹೆಚ್ಚು ಹೊತ್ತು ಕೆಳಗಿನ ಇ ಸ್ವರದ ಮೇಲೆ, ಅಂದರೆ 41.2 ಹರ್ಟ್ಜ್‌ನಲ್ಲಿ ನಿಂತಿರುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಹಾಡು ಎ ಶ್ರುತಿಯದು; ಬೇಸ್ 55 ಹರ್ಟ್ಜ್‌ನಲ್ಲಿ ನಿಲ್ಲುತ್ತದೆ. ಹೊಂದಾಣಿಕೆಯ ರೇಖೆ 41ರಲ್ಲಿ ಎತ್ತರದ ಗುಡ್ಡವನ್ನೂ 55ರಲ್ಲಿ ಆಳದ ಹಳ್ಳವನ್ನೂ ಬರೆಯುತ್ತದೆ. ಅದನ್ನು ನಂಬಿದರೆ ನಿಮ್ಮ ಹಾಡಿನ ಆಧಾರ ಸ್ವರವನ್ನೇ ಕುಗ್ಗಿಸಿ, ಏನೂ ಇಲ್ಲದ ಜಾಗದಲ್ಲಿ ಗುಡುಗನ್ನು ಏರಿಸಿದಂತಾಗುತ್ತದೆ. ಈ ಎರಡು ಸ್ವರಗಳ ನಡುವಿನ ದೂರ ಐದು ಅರೆಸ್ವರ, ಅರ್ಧ ಸ್ಥಾಯಿಗಿಂತ ಸ್ವಲ್ಪ ಕಡಿಮೆ. ಆದ್ದರಿಂದ ಮೂರನೇ ಒಂದು ಸ್ಥಾಯಿಯಷ್ಟು ನಯಗೊಳಿಸಿದರೂ ಗುಡ್ಡ ಮತ್ತು ಹಳ್ಳ ಎರಡೂ ಉಳಿದುಕೊಳ್ಳುತ್ತವೆ. ಒಂದು ಇಡೀ ಸ್ಥಾಯಿಯಷ್ಟು ಅಗಲವಾಗಿ ನಯಗೊಳಿಸಿದಾಗ ಮಾತ್ರ ಅವು ಒಂದನ್ನೊಂದು ತುಂಬಿಕೊಂಡು, ಆ ಪ್ರದೇಶದ ಒಟ್ಟು ಶಕ್ತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂಬ ನಿಜ ಹೊರಬರುತ್ತದೆ. 200 ಹರ್ಟ್ಜ್‌ಗಿಂತ ಕೆಳಗೆ ಕಿರಿದಾದ ಯಾವ ಉಬ್ಬುತಗ್ಗನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇದಕ್ಕಾಗಿಯೇ.

ವಾದ್ಯಗಳ ಜೋಡಣೆಯೂ ಹೀಗೆಯೇ ಮೋಸ ಮಾಡುತ್ತದೆ. ಮಾದರಿಯಲ್ಲಿ ಹೈಹ್ಯಾಟ್ ಬಿಡುವಿಲ್ಲದೆ ನುಡಿಯುತ್ತಿದ್ದು ನಿಮ್ಮದರಲ್ಲಿ ಅದು ಇಲ್ಲವೇ ಇಲ್ಲದಿದ್ದರೆ, 8 ಕಿಲೋಹರ್ಟ್ಜ್‌ನಿಂದ ಮೇಲೆ 4 ಡೆಸಿಬೆಲ್ ಏರಿಸಬೇಕೆಂಬ ಸಲಹೆ ಬರುತ್ತದೆ. ಏರಿಸಿದಾಗ ಮೇಲೆ ಬರಲು ಅಲ್ಲಿ ಹೈಹ್ಯಾಟ್ ಇಲ್ಲವಾದ್ದರಿಂದ, ಗಾಯನದ ಸಕಾರ ಶಕಾರಗಳ ಸೀಟಿ ಮತ್ತು ಮೈಕಿನ ಸುಯ್ಯೆನ್ನುವ ಸದ್ದೇ ಮೇಲೆ ಬರುತ್ತವೆ. ಇಲ್ಲದ ವಾದ್ಯವನ್ನು ಈಕ್ವಲೈಸರ್ ಹುಟ್ಟಿಸಲಾರದು. ರೇಖೆಯ ಎರಡು ತುದಿಗಳನ್ನು, ಅಂದರೆ 30 ಹರ್ಟ್ಜ್‌ಗಿಂತ ಕೆಳಗಿನದನ್ನೂ 16 ಕಿಲೋಹರ್ಟ್ಜ್‌ಗಿಂತ ಮೇಲಿನದನ್ನೂ, ಹೆಚ್ಚು ಯೋಚಿಸದೆ ಸೊನ್ನೆಗೆ ತಂದುಬಿಡಿ.

ಹಾಗಾದರೆ ಯಾವುದನ್ನು ದೋಷವೆಂದು ಒಪ್ಪಬೇಕು? ನಾನು ಮೂರು ಗುಣಗಳನ್ನು ನೋಡುತ್ತೇನೆ. ಆ ವ್ಯತ್ಯಾಸ ಒಂದು ಸ್ಥಾಯಿಯಷ್ಟಾದರೂ ಅಗಲವಾಗಿರಬೇಕು. ಮೂರೂ ಮಾದರಿಗಳಿಗೆ ಹೋಲಿಸಿದಾಗ ಅದು ಒಂದೇ ದಿಕ್ಕಿನಲ್ಲಿರಬೇಕು. ಮೊದಲೇ ಬರೆದಿಟ್ಟ ಟಿಪ್ಪಣಿಯಲ್ಲಿ ಅದಕ್ಕೆ ತಾಳೆಯಾಗುವ ಮಾತೊಂದು ಇರಬೇಕು. ಮೂರೂ ಕೂಡಿದರೆ ನಿಸ್ಸಂಕೋಚವಾಗಿ ತಿದ್ದಿ. ಎರಡೇ ಇದ್ದರೆ ಇನ್ನೊಮ್ಮೆ ಕೇಳಿ. ಒಂದೇ ಇದ್ದರೆ ಬಿಟ್ಟುಬಿಡಿ.

ಕೈಯಾರೆ ತಿದ್ದುವುದು

ಸಾಫ್ಟ್‌ವೇರ್ ಬರೆದ ರೇಖೆಯನ್ನು ಅಲ್ಲಿಗೆ ಮುಚ್ಚಿ, ಸಾಮಾನ್ಯ ಪ್ಯಾರಾಮೆಟ್ರಿಕ್ ಈಕ್ವಲೈಸರ್ ತೆರೆದು, ದೋಷವೆಂದು ಒಪ್ಪಿದ್ದನ್ನು ಮಾತ್ರ ನೀವೇ ಎರಡು ಮೂರು ಅಗಲವಾದ ಬ್ಯಾಂಡುಗಳಲ್ಲಿ ಹೊಂದಿಸಬೇಕೆಂಬುದು ನನ್ನ ಬಲವಾದ ಶಿಫಾರಸು. ಮೂರು ಮಾದರಿಗಳಿಗೆ ಹೋಲಿಸಿದಾಗ ನಿಮ್ಮ ಹಾಡು 250 ಹರ್ಟ್ಜ್‌ನ ಸುತ್ತ 2.5ರಿಂದ 3.5 ಡೆಸಿಬೆಲ್ ಹೆಚ್ಚಾಗಿದೆ, 8 ಕಿಲೋಹರ್ಟ್ಜ್‌ನಿಂದ ಮೇಲೆ ಸುಮಾರು 2 ಡೆಸಿಬೆಲ್ ಕಡಿಮೆಯಿದೆ, ಟಿಪ್ಪಣಿಯಲ್ಲಿ ಗಾಯನದ ಸುತ್ತ ಮಬ್ಬು ಎಂದು ಬರೆದಿದೆ ಎಂದುಕೊಳ್ಳೋಣ. ಆಗ 250 ಹರ್ಟ್ಜ್‌ನಲ್ಲಿ ಬೆಲ್ ಆಕಾರದ ಬ್ಯಾಂಡ್ ಹಾಕಿ, ಕ್ಯೂ ಬೆಲೆಯನ್ನು 0.7ಕ್ಕೆ ಇಟ್ಟು 1.5 ಡೆಸಿಬೆಲ್ ಇಳಿಸಿ. ಕ್ಯೂ 0.7 ಎಂದರೆ ಸುಮಾರು ಎರಡು ಸ್ಥಾಯಿಗಳ ಅಗಲ, 1.4 ಎಂದರೆ ಒಂದು ಸ್ಥಾಯಿ. ಮಾಸ್ಟರ್ ಬಸ್‌ನಲ್ಲಿ ಇದಕ್ಕಿಂತ ಕಿರಿದಾದ ಬ್ಯಾಂಡ್ ಬೇಕೆನಿಸಿದರೆ, ತೊಂದರೆ ಯಾವುದೋ ಒಂದು ವಾದ್ಯದಲ್ಲಿರುವ ಸಾಧ್ಯತೆಯೇ ಹೆಚ್ಚು.

ಅಳೆದ ವ್ಯತ್ಯಾಸದ ಅರ್ಧದಷ್ಟನ್ನೇ ಮೊದಲು ತಿದ್ದಲು ಹೇಳುತ್ತಿರುವುದಕ್ಕೆ ಕಾರಣವಿದೆ. ನಾದದ ತೂಕ ತಕ್ಕಡಿಯಂತೆ: ಒಂದು ತಟ್ಟೆಯಿಂದ ತೆಗೆದದ್ದು ಇನ್ನೊಂದು ತಟ್ಟೆಯನ್ನು ತಾನಾಗಿ ಬದಲಿಸುತ್ತದೆ. 250 ಹರ್ಟ್ಜ್‌ನ ಮಬ್ಬು ತಗ್ಗಿದೊಡನೆ ಗಾಯನದ ಸ್ಪಷ್ಟತೆಯೂ ಸಿಂಬಲ್‌ಗಳ ಹೊಳಪೂ ಮುಂದೆ ಬರುತ್ತವೆ. ಮಟ್ಟವನ್ನು ಮತ್ತೆ ಸಮ ಮಾಡಿ ಅಳೆದರೆ ತಾರದ ಕೊರತೆ ಮೊದಲಿಗಿಂತ ಕಡಿಮೆಯಾಗಿರುತ್ತದೆ. ಆದ್ದರಿಂದ ಮೊದಲು ಇಳಿಸುವ ತಿದ್ದುಪಡಿ, ಆಮೇಲೆ ಮರು ಅಳತೆ, ಅದಾದ ಮೇಲೂ ಬೇಕೆನಿಸಿದರೆ 8 ಕಿಲೋಹರ್ಟ್ಜ್‌ನ ಮೇಲೆ ಶೆಲ್ಫ್ ಫಿಲ್ಟರಿನಿಂದ (ಒಂದು ಬಿಂದುವಿನಿಂದ ಮೇಲಿನದನ್ನೆಲ್ಲ ಒಟ್ಟಿಗೆ ಏರಿಳಿಸುವ ಫಿಲ್ಟರಿನಿಂದ) 1 ಡೆಸಿಬೆಲ್ ಏರಿಕೆ, ಹೀಗೆ ಒಂದೊಂದೇ ಹೆಜ್ಜೆ ಇಡಿ. 2ರಿಂದ 5 ಕಿಲೋಹರ್ಟ್ಜ್‌ವರೆಗಿನ ಪ್ರದೇಶದಲ್ಲಿ ಕಿವಿ ಅತ್ಯಂತ ಚುರುಕಾಗಿರುವುದರಿಂದ ಅಲ್ಲಿ ಅರ್ಧ ಡೆಸಿಬೆಲ್ಲೂ ಎದ್ದು ಕೇಳಿಸೀತು. ಅಲ್ಲಿ ಕೈ ಇನ್ನೂ ಬಿಗಿಯಾಗಿರಲಿ.

ತಿದ್ದುಪಡಿ 3 ಡೆಸಿಬೆಲ್ ಮೀರಬೇಕೆಂದು ಕಂಡುಬಂದರೆ ಮಾಸ್ಟರ್ ಬಸ್ ಬಿಟ್ಟು ಮಿಕ್ಸಿಗೆ ಹಿಂತಿರುಗಿ. ಮಾಸ್ಟರಿನಲ್ಲಿ ಹಾಕಿದ ಈಕ್ವಲೈಸರ್ ಆ ಪ್ರದೇಶದಲ್ಲಿರುವ ಎಲ್ಲವನ್ನೂ ಒಟ್ಟಿಗೆ ಎಳೆಯುತ್ತದೆ. ಕೀಬೋರ್ಡಿನ ಮಬ್ಬನ್ನು ತೆಗೆಯಹೋಗಿ ಸ್ನೇರ್ ಡ್ರಮ್ಮಿನ ಮೈಯನ್ನೂ ತೆಗೆದುಬಿಡುತ್ತದೆ. ಟ್ರ್ಯಾಕುಗಳನ್ನು ಒಂದೊಂದಾಗಿ ಮ್ಯೂಟ್ ಮಾಡುತ್ತ ಹೋದರೆ ಯಾವುದನ್ನು ತೆಗೆದಾಗ ಮಬ್ಬು ಕರಗುತ್ತದೆ ಎಂಬುದು ಬೇಗ ಗೊತ್ತಾಗುತ್ತದೆ. ಎಷ್ಟೋ ಸಲ ಅದು ಯಾವ ವಾದ್ಯವೂ ಆಗಿರದೆ, ಕೆಳಭಾಗವನ್ನು ಕತ್ತರಿಸದೆ ಬಿಟ್ಟ ರಿವರ್ಬ್ (ಕೃತಕ ಅನುರಣನ) ಆಗಿರುತ್ತದೆ. ದೋಷ ಪಲ್ಲವಿಯಲ್ಲಿ ಮಾತ್ರ ತಲೆದೋರಿ ಚರಣದಲ್ಲಿ ಇಲ್ಲವಾದರೆ, ಶಬ್ದ ಒಂದು ಮಿತಿ ದಾಟಿದಾಗ ಮಾತ್ರ ಕೆಲಸ ಮಾಡುವ ಡೈನಾಮಿಕ್ ಈಕ್ವಲೈಸರ್ ಬಳಸಿ; ಟಿಡಿಆರ್ ನೋವಾದ ಉಚಿತ ಆವೃತ್ತಿ ಇದಕ್ಕೆ ಸಾಕು.

ಈಕ್ವಲೈಸರಿನ ಫೇಸ್ ವಿಧಾನದ (ಅದು ಬೇರೆಬೇರೆ ಕಂಪನಗಳ ಸಮಯವನ್ನು ನಿಭಾಯಿಸುವ ರೀತಿಯ) ಬಗ್ಗೆ ಒಂದು ಮಾತು. ಇಂಥ ಅಗಲವಾದ, ಮೃದುವಾದ ತಿದ್ದುಪಡಿಗೆ ಮಿನಿಮಮ್ ಫೇಸ್ ವಿಧಾನವೇ ಸೂಕ್ತ. ಲೀನಿಯರ್ ಫೇಸ್ ಕೇಳಲು ಹಿರಿದಾದ ಹೆಸರಾದರೂ, ಮಂದ್ರ ಭಾಗದಲ್ಲಿ ಕಿಕ್ ಡ್ರಮ್ಮಿನ ಪ್ರತಿ ಹೊಡೆತಕ್ಕೂ ಮೊದಲೇ ಅದರ ಮಸುಕಾದ ಮುನ್ಸದ್ದು ಕೇಳಿಸುವಂತೆ ಮಾಡಬಲ್ಲದು.

ತಿದ್ದಿದ್ದನ್ನು ಪರೀಕ್ಷಿಸುವುದು

ಏರಿಸಿದ ಬ್ಯಾಂಡ್ ಹಾಡಿನ ಒಟ್ಟು ಶಬ್ದವನ್ನೂ ಏರಿಸುತ್ತದೆ, ಮತ್ತು ಜೋರಾದದ್ದು ಕಿವಿಗೆ ಯಾವಾಗಲೂ ಚೆಂದವೆನಿಸುತ್ತದೆ. ಈಕ್ವಲೈಸರಿನ ಔಟ್‌ಪುಟ್ ಗುಂಡಿಯಿಂದ ಮಟ್ಟವನ್ನು ತಿದ್ದುವ ಮೊದಲಿನಷ್ಟಕ್ಕೇ ತಂದು, ಕಣ್ಣು ಮುಚ್ಚಿ, ತಿದ್ದುಪಡಿಯನ್ನು ಹಾಕಿ ತೆಗೆಯುವ ಬೈಪಾಸ್ ಗುಂಡಿಯನ್ನು ಎಣಿಕೆ ತಪ್ಪುವಷ್ಟು ಸಲ ಒತ್ತಿ, ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯದಂತೆ ಮಾಡಿಕೊಂಡು ಆಲಿಸಿ. ಹೀಗೆ ಹಲವು ಬಾರಿ ಕೇಳಿದಾಗಲೂ ಒಂದೇ ಸ್ಥಿತಿಯನ್ನು ಆರಿಸುತ್ತಿದ್ದರೆ ಆ ತಿದ್ದುಪಡಿಗೆ ಅರ್ಥವಿದೆ.

ಲಿಮಿಟರ್ ಹಾಕಿದ ಮೇಲೆ ಇನ್ನೊಮ್ಮೆ ಮಾದರಿಯೊಡನೆ ಹೋಲಿಸುವುದನ್ನು ಮರೆಯಬೇಡಿ. ಕಿಕ್ ಮತ್ತು ಸ್ನೇರ್‌ಗಳ ಶಿಖರಗಳನ್ನು ಅದುಮಿದಾಗ ಅವುಗಳ ನಡುವೆ ಅಡಗಿದ್ದ ಉಳಿದ ಸದ್ದು ಮೇಲೇಳುವುದರಿಂದ ತೂಕ ಕೊಂಚ ಬದಲಾಗುತ್ತದೆ. ಮಾದರಿ ಹಾಡು ಆ ಹಂತವನ್ನು ಆಗಲೇ ದಾಟಿ ಬಂದಿದೆ. ಸರಾಸರಿ ರೇಖೆ ಒಂದೇ ಆಗಿದ್ದರೂ ಹೊಡೆತದ ಗಡಸು ಬೇರೆಯಾಗಿ ಕೇಳಿಸಿದರೆ, ಅದು ಕಂಪ್ರೆಸರಿನ ಕೆಲಸ. ಈಕ್ವಲೈಸರಿನಲ್ಲಿ ಅದಕ್ಕೆ ಉತ್ತರ ಹುಡುಕಬೇಡಿ. ಎರಡೂ ಹಾಡುಗಳನ್ನು ಒಮ್ಮೆ ಮೋನೋದಲ್ಲಿಯೂ ಕೇಳಿ. ಬದಿಗಳಲ್ಲಿ ಹರಡಿದ ತಾರ ಭಾಗ ಮೋನೋದಲ್ಲಿ ಕರಗಿಹೋಗುವುದಾದರೆ, ಸ್ಟೀರಿಯೋದಲ್ಲಿ ಸರಿಯೆನಿಸಿದ ಹೊಂದಿಕೆ ಚಿಕ್ಕ ಸ್ಪೀಕರಿನಲ್ಲಿ ನಿಲ್ಲುವುದಿಲ್ಲ.

ಕೊನೆಗೆ ಮೂರು ಕಡತಗಳನ್ನು ಹೊರತೆಗೆಯಿರಿ: ತಿದ್ದದ ಮಿಕ್ಸ್, ತಿದ್ದಿದ ಮಿಕ್ಸ್, ಮತ್ತು ಮಟ್ಟ ಇಳಿಸಿದ ಮಾದರಿ ಹಾಡು. ಮೂರೂ ಒಂದೇ ಮಟ್ಟದಲ್ಲಿರಲಿ. ಒಂದು ರಾತ್ರಿ ಕಿವಿಗೆ ಬಿಡುವು ಕೊಟ್ಟು, ಮರುದಿನ ಹೆಡ್‌ಫೋನಿನಲ್ಲಿ, ಫೋನಿನ ಸ್ಪೀಕರಿನಲ್ಲಿ, ಕಾರಿನಲ್ಲಿ, ಯಾವುದು ಲಭ್ಯವೋ ಅದರಲ್ಲೆಲ್ಲ ಕೇಳಿ. ಮಾದರಿಯಿಂದ ನಿಮ್ಮ ಹಾಡಿಗೆ ಬಂದಾಗ ವಾಲ್ಯೂಮ್ ಗುಂಡಿಗೋ ಟೋನ್ ಗುಂಡಿಗೋ ಕೈ ಹೋಗದಿದ್ದರೆ ಹೊಂದಿಕೆ ಸಾಧಿಸಿದೆ. ತಿದ್ದದ ಮಿಕ್ಸೇ ಮಾದರಿಗೆ ಹತ್ತಿರವೆನಿಸಿದರೆ ಅದನ್ನೇ ಉಳಿಸಿಕೊಂಡು, ಹಿಂದಿನ ದಿನದ ಟಿಪ್ಪಣಿಯನ್ನು ಮತ್ತೆ ತೆರೆಯಿರಿ.